ಕರಿ ಆಡಿನ ಮರಿ

ಆವರಗೆರೆಯ ಮನೆಯಲ್ಲಿ ಅವ್ವ ಸಾಕಿದ್ದು ಒಂದೇ ಆಡು, ಹರಿಹರದ ಸಂತೆಯಲ್ಲಿ ಕೊಂಡ ಕರಿ ಆಡು. ನಾನು ನಿಟ್ಟುವಳ್ಳಿಯಿಂದ ಹೋದಾಗಲೆಲ್ಲ ನನ್ನ ಮಕ್ಕಳನ್ನು ವಿಚಾರಿಸುವ ಮೊದಲು ಅದರ ಸುದ್ದಿ ಹೇಳುತ್ತಿದ್ದಳು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಕಳೆದ ವರ್ಷ ಅದು ಗಬ್ಬ ಇದ್ದಾಗ ಮುಂಗಾಲಿನ ಮಂಡಿಗಳು ಊದಿಕೊಂಡವು. ಅವ್ವ ಅರಿಶಿನ ಹಚ್ಚಿದಳು, ಬೇವಿನೆಣ್ಣೆ ತಿಕ್ಕಿದಳು. ಇಳಿಯಲಿಲ್ಲ. ಪಶುವೈದ್ಯರು ಬಂದು ರಕ್ತ ತೆಗೆದುಕೊಂಡು ಹೋದರು. ಆಮೇಲೆ ಫೋನು ಮಾಡಿ, ರಕ್ತದಲ್ಲಿ ಪ್ರತಿಕಾಯ ಸಿಕ್ಕಿದೆ, ಬಂದು ಮಾತಾಡುತ್ತೇನೆ ಎಂದರು. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪದ ಅದು. ಲಸಿಕೆ ಹಾಕಿಸಿಕೊಂಡರೆ ಮೈಯಲ್ಲಿ ಹುಟ್ಟುವುದು ಅದೇ, ರೋಗ ತಡೆಯುವುದೂ ಅದೇ ಎಂದು ಅವ್ವನಿಗೆ ಹೇಳಿದೆ. ಅವತ್ತು ಅವಳು ಆಡಿಗೆ ಬೆಲ್ಲ ತಿನ್ನಿಸಿದಳು.

ಡಾಕ್ಟರು ಬಂದು ಆ ಖುಷಿಗೆ ತಣ್ಣೀರೆರಚಿದರು.

"ಇದು ರೆಟ್ರೋವೈರಸ್ ಅಂತ, ಅಮ್ಮ. ಜೀವಕೋಶದ ಒಳಗೆ ಹೊಕ್ಕು ಕುಂತುಬಿಡ್ತೈತೆ. ಮೈ ಪ್ರತಿಕಾಯ ಮಾಡ್ತೈತೆ, ಆದ್ರೆ ಅದರ ಕೈಲಿ ವೈರಸ್ ಓಡ್ಸಾಕೆ ಆಗಲ್ಲ. ಪ್ರತಿಕಾಯ ಸಿಕ್ತು ಅಂದ್ರೆ ರೋಗ ಐತೆ ಅಂತ್ಲೇ ಅರ್ಥ."

"ಹಂಗಾರೆ ಮರಿಗಾದ್ರೂ ಲಸಿಕೆ ಹಾಕ್ರಿ," ಎಂದಳು ಅವ್ವ.

"ಇದಕ್ಕಿನ್ನೂ ಲಸಿಕೆ ಬಂದಿಲ್ರಿ. ರೋಗ ಹಾಲಿನಾಗೇ ಮರಿಗೆ ಹೋಗ್ತೈತೆ. ಹುಟ್ಟಿದ ಕೂಡ್ಲೆ ಬ್ಯಾರೆ ಮಾಡ್ರಿ. ತಾಯಿ ಹಾಲು ಬ್ಯಾಡ, ಹಸುವಿನ ಹಾಲು ಕಾಸಿ ಕುಡಿಸ್ರಿ."

ಅವ್ವ ತಲೆಯಾಡಿಸಿದಳು.

ಮರಿ ಹುಟ್ಟಿದ ಮಾರನೆಯ ದಿನ ನಾನು ಹೋದೆ. ಅದು ಒಳಕೋಣೆಯಲ್ಲಿ ಗೋಣಿಚೀಲದ ಮೇಲೆ ನಿಂತು ಸೀಸೆಯ ಹಾಲು ಗಟಗಟ ಕುಡಿಯುತ್ತಿತ್ತು. ಹೊರಗೆ ತಾಯಿ ಗಂಟಲು ಹರಿಯುವಂತೆ ಒದರುತ್ತಿತ್ತು. ಕೇಳಲಾಗದೆ ನಾನು ಬೇಗ ಹೊರಟುಬಿಟ್ಟೆ. ಅವ್ವ ಗಟ್ಟಿಗಿತ್ತಿ ಅಂದುಕೊಂಡೆ.

ಕೆಲವು ತಿಂಗಳಲ್ಲೇ ಮರಿ ಹಿಂಗಾಲು ಎಳೆಯತೊಡಗಿತು. ಆಮೇಲೆ ಏಳುವುದೂ ನಿಂತಿತು. ಡಾಕ್ಟರು ಬಂದು ಅದರ ಬೆನ್ನು, ಕಾಲು ಮುಟ್ಟಿ ನೋಡಿದರು.

"ಅದೇ ರೋಗ, ಮರಿಗಳಿಗೆ ನರಕ್ಕೆ ಬಡೀತೈತೆ. ತಾಯಿ ಹಾಲು ಏನಾರ ಕುಡೀತೇನ್ರಿ ಇದು?"

ಇಲ್ಲವೇ ಇಲ್ಲ ಎಂದು ನಾನೇ ಮುಂದಾಗಿ ಹೇಳಿದೆ. ಅಷ್ಟು ಮಾಡಿದವಳನ್ನು ಹೀಗೆ ಕೇಳುತ್ತಾರಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

ಅವ್ವ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಗಿಣ್ಣುಹಾಲು ಕುಡಿಸಿದ್ದೆ," ಎಂದಳು. "ಹುಟ್ಟಿದ ದಿನ ಮಾತ್ರ. ತಾಯಿ ಮೈಯಾಗಿನ ಶಕ್ತಿ ಎಲ್ಲಾ ಗಿಣ್ಣುಹಾಲಿನಾಗೇ ಮರಿಗೆ ಬರ್ತೈತೆ ಅಂತಾರಲ್ರಿ. ಲಸಿಕೆ ಇಲ್ಲ ಅಂದ್ರಲ್ಲ ನೀವು, ಅದಕ್ಕೇ ಕುಡಿಸಿದೆ."