ಬಾಣಂತಿ ಜಟಕಾದಲ್ಲಿ ರೇಡಿಯೋ

ಮೊಮ್ಮಗಳು ರೇಡಿಯೋದಲ್ಲಿ ಹಾಡಿದ ದಿನವನ್ನು ನೆನೆದರೆ ಈಗಲೂ ಸಂತೋಷ ತಡೆಯಲಾಗುವುದಿಲ್ಲ. ಒಂಬತ್ತು ವರ್ಷದ ಹುಡುಗಿ, ಸಂಜೆ ಆರು ಗಂಟೆಗೆ ಊರಿಗೆಲ್ಲ ಕೇಳಿಸುವಂತೆ ಹಾಡುವವಳಿದ್ದಳು! ಅವಳಿಗೆ ಮೊದಲ ಹಾಡು ಹೇಳಿಕೊಟ್ಟ ನನ್ನ ಹೆಂಡತಿ ಮಾತ್ರ ಕಾಲು ಮುರಿದುಕೊಂಡು ಬೋಗಾದಿಯ ನಮ್ಮ ಮನೆಯಲ್ಲಿ ಮಲಗಿದ್ದಳು. ಅವಳು ಕೇಳದಿದ್ದರೆ ನನಗೆ ಆ ಹಾಡು ಯಾಕೆ?

ರೇಡಿಯೋ ಇರುವ ಮನೆಗೆ ಎತ್ತಿಕೊಂಡು ಹೋಗುತ್ತೇನೆ ಅಂದರೆ, "ದೊಡ್ಡೋರ ಮನೆ ಮುಂದೆ ನನ್ನ ಮೂಟೆ ಥರ ಇಳಿಸ್ತೀರಾ? ನಾ ಬರಾಕಿಲ್ಲ ಬುಡಿ" ಎಂದಳು.

ಲಕ್ಷ್ಮೀಪುರಂನಲ್ಲಿ ನಾನು ದಿನಾ ಜಟಕಾದಲ್ಲಿ ಸ್ಕೂಲಿಗೆ ಬಿಡುತ್ತಿದ್ದ ಮೇಷ್ಟರ ಮನೆಯಲ್ಲಿ ಬ್ಯಾಟರಿ ರೇಡಿಯೋ ಇತ್ತು. ಅದನ್ನು ಒಂದು ಸಂಜೆಯ ಮಟ್ಟಿಗೆ ಕೊಡಿ ಎಂದು ಕೇಳಿದೆ. ಮೇಷ್ಟರು ತಲೆ ಕೆರೆದುಕೊಂಡರು.

"ರೇಡಿಯೋ ಲೈಸೆನ್ಸ್ ಇರೋದು ಈ ಮನೆಗೆ ಮಾತ್ರ ಕಣಯ್ಯ. ಗಾಡೀಲಿಟ್ಟು ಸಾಗಿಸೋ ಹಾಗಿಲ್ಲ. ಪೊಲೀಸರು ಹಿಡಿದ್ರೆ ಪೆಟ್ಟಿಗೆ ಜಪ್ತಿ."

"ಅವರ ಕಣ್ಣಿಗೆ ಬಿದ್ರೆ ತಾನೆ ಬುದ್ಧೀ!" ಅಂದೆ. ಮೇಷ್ಟರು ಹೂಂ ಅಂದರು.

ಗಾಳಿ ಸೋಕಬಾರದೆಂದು ಬಾಣಂತಿ ಕೂತ ಜಟಕಾಕ್ಕೆ ಸುತ್ತ ಸೀರೆ ಕಟ್ಟುವುದು ರೂಢಿ. ಒಳಗೆ ಯಾರೂ ಇಣುಕುವುದಿಲ್ಲ. ಹಾಗೇ ಕಟ್ಟಿ, ರೇಡಿಯೋಗೆ ಕಂಬಳಿ ಹೊದಿಸಿ, ಮಧ್ಯಾಹ್ನವೇ ಹೊರಟೆ. ಬೀದಿಯ ಕೊನೆಯಲ್ಲೇ ಒಬ್ಬ ಪೇದೆ ಕೈ ಅಡ್ಡ ಹಿಡಿದ.

"ಒಳಗ್ಯಾರಜ್ಜ?"

"ಬಾಣಂತಿ ಕಣಪ್ಪ. ಹಸಿ ಮೈ."

"ಜೊತೇಲಿ ಒಬ್ಬ ಹೆಂಗಸೂ ಇಲ್ವಾ? ಬಾಣಂತೀನ ಗಂಡಸೊಬ್ನೇ ಕರ್ಕೊಂಡು ಹೋಗಿದ್ದು ನಾನೆಲ್ಲೂ ನೋಡಿಲ್ಲ. ಕೂಸಿನ ಸದ್ದೂ ಇಲ್ಲ!"

ಹೆಂಗಸೊಬ್ಬಳನ್ನು ಕೂರಿಸಿಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವನು ಸೀರೆ ಸರಿಸಿದ, ಕಂಬಳಿ ಎತ್ತಿದ.

"ಕೂಸು ದಷ್ಟಪುಷ್ಟವಾಗೈತೆ! ಲೈಸೆನ್ಸ್ ಎಲ್ಲಿ?"

ಮೊಮ್ಮಗಳು, ಹೆಂಡತಿಯ ಕಾಲು, ಆರು ಗಂಟೆ, ಎಲ್ಲವನ್ನೂ ಹೇಳಿಕೊಂಡೆ. ಮೇಷ್ಟರನ್ನು ಸಿಕ್ಕಿಸಬೇಡಪ್ಪ ಎಂದು ಕೈ ಮುಗಿದೆ. ಅವನು ಪೆಟ್ಟಿಗೆಗೆ ಮತ್ತೆ ಕಂಬಳಿ ಹೊದಿಸಿದ.

"ಪೆಟ್ಟಿಗೆ ಗಾಡೀಲಿ ಹೋಗ್ಬಾರ್ದು ಅಂತೈತೆ ಕಾನೂನು. ಅಜ್ಜಿ ಹೋಗ್ಬಾರ್ದು ಅಂತ ಎಲ್ಲೈತೆ? ಇದನ್ನ ವಾಪಸ್ ಇಟ್ಬುಟ್ಟು ಅವರನ್ನೇ ಕರ್ಕೊಂಡ್ಬಾ ಹೋಗು."

ಬೋಗಾದಿಗೆ ಓಡಿಸಿಕೊಂಡು ಹೋಗಿ ನಡೆದದ್ದು ಹೇಳಿದೆ. ಹೆಂಡತಿ ಬೆಚ್ಚಿಬಿದ್ದಳು. "ನನಗೋಸ್ಕರ ಪೊಲೀಸರ ಕೈಗೆ ಸಿಕ್ಕೊಂಡ್ರಾ? ನೋಡ್ತಾ ನಿಂತ್ರೆ ಆರು ಗಂಟೆ ಆಗ್ಬುಡ್ತದೆ, ಎತ್ತಿ ಮತ್ತೆ!"

ಮೇಷ್ಟರ ಹಜಾರದಲ್ಲಿ ಹಾಸಿಗೆ ಹಾಕಿ ಕೂರಿಸಿದೆವು. ಗೊರಗೊರ ಸದ್ದಿನ ನಡುವಿನಿಂದ ನಮ್ಮ ಹುಡುಗಿಯ ದನಿ ಬಂತು! ಹಾಡು ಮುಗಿಯುವವರೆಗೂ ಇವಳು ಕದಲಲಿಲ್ಲ. ಹೇಗಿತ್ತಮ್ಮ ಎಂದು ಮೇಷ್ಟರು ಕೇಳಿದರು.

"ಎರಡನೇ ಸಾಲು ಓಡಿಸ್ಬುಟ್ಲು ಬುದ್ಧಿ," ಅಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಮನೆಗೆ ಬರ್ಲಿ, ಸರಿ ಮಾಡ್ತೀನಿ."