ಬಲಗಡೆ ಬಿದ್ದ ಹೂವು

ನನ್ನ ಮದುವೆಯಲ್ಲಿ ಧಾರೆ ಸೀರೆಯ ಬಣ್ಣ ಯಾವುದಿರಲಿ ಎಂದು ಕೂಡ ಯಾರೂ ನನ್ನನ್ನು ಕೇಳಿರಲಿಲ್ಲ. ಐವತ್ತು ದಾಟಿದ ಮೇಲೆ ದಾವಣಗೆರೆಯ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು, "ಯೋಚನೆ ಮಾಡಿ, ನಿರ್ಧಾರ ನಿಮ್ಮದೇ" ಅಂದುಬಿಟ್ಟರು. ನನಗೆ ಸಿಟ್ಟೇ ಬಂತು. ಕೇಳುವುದಾದರೆ ಸೀರೆಯ ಬಣ್ಣದಿಂದಲೇ ಶುರು ಮಾಡಬಾರದಿತ್ತೇ?

ವಿಷಯ ಇಷ್ಟೆ. ನನ್ನ ಎಡ ಸ್ತನದಲ್ಲಿದ್ದ ಸಣ್ಣ ಗಂಟನ್ನು ಶುರುವಿನಲ್ಲೇ ಕಂಡುಹಿಡಿದು ಆಪರೇಷನ್ ಮಾಡಿ ತೆಗೆದಿದ್ದರು. ಅದು ಮೈಯ ಹಾರ್ಮೋನು ಉಂಡು ಬೆಳೆಯುವ ಜಾತಿಯ ಕ್ಯಾನ್ಸರಂತೆ. ಅದಕ್ಕೆ ಊಟ ಸಿಗದ ಹಾಗೆ ಐದು ವರ್ಷ ದಿನಕ್ಕೊಂದು ಗುಳಿಗೆ ನುಂಗಬೇಕು. ನುಂಗಿದರೆ ಅದು ಮರಳುವ ಸಾಧ್ಯತೆ ಕಡಿಮೆ. ನುಂಗದಿದ್ದರೆ ಬಂದೇ ಬರುತ್ತದೆ ಅಂತಲೂ ಅಲ್ಲ. ಆದರೆ ಗುಳಿಗೆಯಿಂದ ಮೈ ಬಿಸಿಯೇರಬಹುದು, ಕೀಲು ಹಿಡಿಯಬಹುದು, ಬೆರಳು ಕೂಡ. ನಾನು ಹೊನ್ನಾಳಿಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಬೆರಳು ಹಿಡಿದರೆ ಅರ್ಧ ಊರಿನ ಮದುವೆಗಳು ನಿಲ್ಲುತ್ತವೆ ಎಂದು ನಾನು ನಂಬಿದ್ದೇನೆ.

ಸಲಹೆಗೇನೂ ಬರವಿರಲಿಲ್ಲ. ಜಗಳೂರಿನ ನಾದಿನಿ ಫೋನ್ ಮಾಡಿ ಸುಮ್ಮನೆ ನುಂಗು ಅಂದಳು. ಚನ್ನಗಿರಿಯ ಅಕ್ಕ ಗುಳಿಗೆಯೆಲ್ಲ ಉಷ್ಣ, ಮಜ್ಜಿಗೆ ಕುಡಿ ಅಂದಳು. ನಮ್ಮನೆಯವರು ನೀನು ಹೇಳಿದ ಹಾಗೆ ಎನ್ನುತ್ತ ಪೇಪರಿನ ಹಿಂದೆ ಅಡಗಿಕೊಂಡರು. ಕೊನೆಗೆ ಅತ್ತೆ ಬಾಯಿಹಾಕಿ, ನ್ಯಾಮತಿ ಕಡೆಯ ನಮ್ಮ ಮನೆದೇವರಲ್ಲಿ ಹೂ ಕೇಳೋಣ ಅಂದರು.

ಅಲ್ಲಿ ಪೂಜಾರಿ ಒದ್ದೆ ಹೂಗಳನ್ನು ದೇವಿಯ ಮೂರ್ತಿಗೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು, ಬಾಯಿ ಬಿಡಕೂಡದು. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ನಾನೇನು ಕಡಿಮೆಯವಳೇ? ಬಸ್ಸಿನಲ್ಲೇ ಉಪಾಯ ಮಾಡಿದ್ದೆ. ಪ್ರಶ್ನೆಯನ್ನೇ ತಿರುಗಿಸಿ, ಗುಳಿಗೆ ಬಿಡಲೇ ತಾಯಿ ಎಂದು ಕೇಳಿದೆ. ಬಿಡುವ ಮನಸ್ಸು ನನ್ನದು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಬೈಸಿಕೊಳ್ಳಲು ದೇವಿ ಇರಲಿ ಅಂತ.

ದೇವಿಗೆ ಅವಸರವಿರಲಿಲ್ಲ. ಪೂಜಾರಿ ಆಕಳಿಸಿದರು, ನನ್ನ ಕಾಲು ಜೋಮು ಹಿಡಿಯಿತು. ಆಮೇಲೆ ಬಲಗಡೆಯ ಸೇವಂತಿಗೆ ಪಟ್ಟನೆ ಜಾರಿತು. ಅತ್ತೆ ಖುಷಿಯಿಂದ ಗಲ್ಲ ಬಡಿದುಕೊಂಡರು. ಅವರಿಗಿಂತ ಜೋರಾಗಿ ನಾನೂ ಬಡಿದುಕೊಂಡೆ.

ಹೊರಗೆ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುವಾಗ, ಗೆದ್ದ ಜಂಬದಲ್ಲಿ ನನ್ನ ಪ್ರಶ್ನೆ ಏನಿತ್ತೆಂದು ಹೇಳಿದೆ. ಅತ್ತೆ ಬೈಯಲಿಲ್ಲ.

"ನಾನು ಗುಳಿಗೆ ವಿಚಾರಾನೇ ಕೇಳ್ಲಿಲ್ಲ ಬಿಡು" ಅಂದರು.

"ಮತ್ತೇನ್ ಕೇಳಿದ್ರಿ?"

"ನಾ ಹೋದ್ ದಿನ ನಂಗೆ ಸೀರೆ ಉಡ್ಸಾಕೆ ಇವ್ಳು ಇರ್ತಾಳಾ ಅಂತ ಕೇಳ್ದೆ."

ಆಪರೇಷನ್ನಿನ ದಿನವೂ ಆಗದಿದ್ದ ಭಯ ಆ ಕಟ್ಟೆಯ ಮೇಲೆ ಆಯಿತು. ಅಷ್ಟು ದಿನ ನಾನು ಬೆರಳಿನ ಬಗ್ಗೆ ಯೋಚಿಸಿದ್ದೆನೇ ಹೊರತು ನಾನೇ ಇಲ್ಲದಿರುವುದರ ಬಗ್ಗೆ ಅಲ್ಲ. ಆದರೂ ಸೋಲಬಾರದಲ್ಲ. ಹೂ ಬಲಗಡೆಗೇ ಬಿದ್ದಿದೆ, ಗುಳಿಗೆ ಬಿಟ್ಟರೂ ನಾನು ಇರುತ್ತೇನೆ ಅಂತಾಯಿತಲ್ಲ ಅಂದೆ.

"ಆ ತಾಯಿ ನನ್ನೂ ಕಾಯ್ತಾಳೆ. ಹಂಗಂತ ನಾನು ಬಿಪಿ ಗುಳಿಗೆ ಬಿಟ್ಟೀನೇನು?"

ಮುಂದಿನ ವಾರ ದಾವಣಗೆರೆಗೆ ಹೋಗಿ, ಗುಳಿಗೆ ಶುರು ಮಾಡುತ್ತೇನೆ, ಬೆರಳು ಹಿಡಿದರೆ ಬಂದು ಜಗಳವಾಡುತ್ತೇನೆ ಅಂದೆ. ಧಾರಾಳವಾಗಿ ಬನ್ನಿ, ಬೇರೆ ಗುಳಿಗೆಯೂ ಇದೆ, ನನಗೆ ಹೇಳದೆ ಮಾತ್ರ ನಿಲ್ಲಿಸಬೇಡಿ ಎಂದರು ಡಾಕ್ಟರಮ್ಮ.

ಈಗ ತಿಂಡಿಯಾದ ಮೇಲೆ ಅತ್ತೆ ಸೊಸೆ ಎದುರುಬದುರು ಕೂತು ಗುಳಿಗೆ ನುಂಗುತ್ತೇವೆ. ಬೆಳಗ್ಗೆ ಬೆರಳು ಬಿಗಿದುಕೊಂಡಿರುತ್ತದೆ, ಬಿಸಿನೀರಿನಲ್ಲಿ ಅದ್ದಿದರೆ ಸಡಿಲಾಗುತ್ತದೆ. ಬ್ಲೌಸಿಗೆ ಹುಕ್ಸ್ ಹಚ್ಚುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ. ಸೊಟ್ಟಗೆ ಹಚ್ಚುತ್ತಾರೆ, ಬೈಸಿಕೊಳ್ಳುವುದು ನಾನು.

ನ್ಯಾಮತಿಯಿಂದ ಬಂದ ಮಾರನೇ ದಿನವೇ ಅವರು ಪೆಟ್ಟಿಗೆಯಿಂದ ನೇರಳೆ ಬಣ್ಣದ ಇಳಕಲ್ ಸೀರೆ ತೆಗೆದು, ಆ ದಿನಕ್ಕೆ ಇದೇ ಇರಲಿ, ಬ್ಲೌಸ್ ಹೊಲಿದಿಡು ಎಂದು ಬಟ್ಟೆ ಕೊಟ್ಟಿದ್ದರು. ಅದು ಇನ್ನೂ ಮೆಷಿನ್ ಪಕ್ಕದಲ್ಲಿ ಮಡಿಸಿದ ಹಾಗೇ ಇದೆ. ಕೇಳಿದಾಗಲೆಲ್ಲ ಬೆರಳು ನೋಯ್ತಾ ಐತೆ ಅತ್ತೆ ಎನ್ನುತ್ತೇನೆ. ಉಳಿದವರ ಬ್ಲೌಸುಗಳೆಲ್ಲ ಹೇಳಿದ ದಿನಕ್ಕೆ ಹೊಲಿದು ಕೊಡುತ್ತಿದ್ದೇನೆ.