ಹಳದಿ ಕುರಿಯ ಬೆನ್ನು ಕೆಂಪಾಯಿತು

ನನ್ನ ಬೆರಳು ತಾಗಿದ್ದೇ ತಡ, ಕಾರ್ಡಿನಲ್ಲಿದ್ದ ಹಳದಿ ಕುರಿಯ ಬೆನ್ನು ಕೆಂಪಾಯಿತು. ವರ್ಗವಾಗಿ ಹೊರಟಿದ್ದ ಮೇಷ್ಟ್ರಿಗೆ ಕೊಡಲೆಂದು ಮೊಮ್ಮಗಳು ಗೌರಿ ಆಲೂಗಡ್ಡೆಯಲ್ಲಿ ಅಚ್ಚು ಕೊರೆದು, ಮಸಿಯಲ್ಲಿ ನಾಲ್ಕು ಕುರಿ ಒತ್ತಿದ್ದಳು. ಹುಲ್ಲಿಗೆ ಅವರೆ ಸೊಪ್ಪಿನ ರಸ, ಕುರಿಗೆ ಅರಿಶಿನದ ನೀರು ಬಳಿದಿದ್ದಳು. ನಾನೋ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ಹಾಗೇ ಮುಟ್ಟಿಬಿಟ್ಟೆ.

“ಸುಣ್ಣದ ಕೈ ಹಾಕಿ ಕೆಡಿಸ್ಬಿಟ್ಯಲ್ಲಜ್ಜಿ” ಎಂದು ಅಳುವುದಕ್ಕೇ ಶುರು ಮಾಡಿದಳು.

“ಅಳಬ್ಯಾಡ ಕಣೆ. ನಮ್ಮ ಹಟ್ಟೀವು ಅಂತ ತಿಳೀಲಿ ಅಂತ ನಮ್ಮ ಕುರಿ ಬೆನ್ನ ಮ್ಯಾಲೂ ಕೆಮ್ಮಣ್ಣಿನ ಗುರುತು ಹಾಕಿರ್ತೀವಲ್ಲ” ಎಂದೆ. ಅವಳು ಕಣ್ಣೊರೆಸಿಕೊಂಡು ಸುಣ್ಣದ ಡಬ್ಬಿ ಕಸಿದುಕೊಂಡಳು. ಕಡ್ಡಿಯಲ್ಲಿ ಅದ್ದಿ ಉಳಿದ ಮೂರಕ್ಕೂ ಗುರುತು ಹಾಕಿದಳು.

ಮರುದಿನ ಮೇಷ್ಟ್ರು ಕಾರ್ಡು ಹಿಡಿದು ನಮ್ಮ ಬಾಗಿಲಿಗೇ ಬಂದರು. “ಏನಜ್ಜಿ, ನಿಮ್ಮ ಹಟ್ಟಿ ಕುರಿ ನನ್ನ ಜತೆ ಹೊಂಟಾವೆ?” ಎಂದು ನಕ್ಕರು.

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನ್ನ ಕೈಬಣ್ಣವೂ ಒಬ್ಬ ಮೇಷ್ಟ್ರ ಟ್ರಂಕು ಸೇರಿತಲ್ಲ, ಆ ಹಿಗ್ಗು ಇನ್ನೂ ಇಳಿದಿಲ್ಲ.